ಕಾರ್ಲ್ ಏಕ್ಲಿ

ಕಾರ್ಲ್ ಈಥನ್ ಏಕ್ಲಿ (1864 – 1926) ಅಮೆರಿಕದ ಟ್ಯಾಕ್ಸಿಡರ್ಮಿ ತಜ್ಞ, ಶಿಲ್ಪಿ, ಉಪಜ್ಞೆಕಾರ ಹಾಗೂ ನಿಸರ್ಗ ಸಂರಕ್ಷಕ. ಸತ್ತ ಪ್ರಾಣಿಯ ಚರ್ಮವನ್ನು ಹದಗೊಳಿಸಿ, ಅದು ಜೀವಂತವಾಗಿರುವಂತೆ ನಿಲ್ಲಿಸುವ ಕೌಶಲಕ್ಕೆ ಟ್ಯಾಕ್ಸಿಡರ್ಮಿ ಎಂದು ಹೆಸರು. ಹುಲ್ಲು ತುಂಬಿದ ಬೊಂಬೆಗಳ ಮಟ್ಟದಲ್ಲಿದ್ದ ಈ ಕಸುಬನ್ನು ಶಿಲ್ಪಕಲೆಯ ಸಮೀಪಕ್ಕೆ ತಂದವರಲ್ಲಿ ಏಕ್ಲಿ ಪ್ರಮುಖರು. ನ್ಯೂಯಾರ್ಕ್‌ನ ಅಮೆರಿಕನ್ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿರುವ ಆಫ್ರಿಕಾದ ಸಸ್ತನಿಗಳ ಸಭಾಂಗಣಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಆರಂಭಿಕ ಜೀವನ

ಏಕ್ಲಿ 1864ರ ಮೇ 19ರಂದು ನ್ಯೂಯಾರ್ಕ್ ರಾಜ್ಯದ ಕ್ಲಾರೆಂಡನ್ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ಶಾಲೆಯಲ್ಲಿ ಕಲಿತದ್ದು ಕೆಲವೇ ವರ್ಷ. ಬಾಲ್ಯದಲ್ಲಿಯೇ ಎರವಲು ಪಡೆದ ಪುಸ್ತಕವೊಂದರ ನೆರವಿನಿಂದ ಹಕ್ಕಿಗಳ ಚರ್ಮ ಬಿಡಿಸಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಾಚೆಸ್ಟರ್ ನಗರದ ವಾರ್ಡ್ ನಿಸರ್ಗ ವಿಜ್ಞಾನ ಸಂಸ್ಥೆಯನ್ನು ಸೇರಿದರು. ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳ ಮಾದರಿಗಳನ್ನು ಒದಗಿಸುತ್ತಿದ್ದ ಸಂಸ್ಥೆ ಅದು. ವಾರಕ್ಕೆ ಅವರಿಗೆ ದೊರೆಯುತ್ತಿದ್ದ ಸಂಬಳ ಮೂರೂವರೆ ಡಾಲರ್.

ಅಲ್ಲಿನ ರೂಢಿಯ ವಿಧಾನ ಒರಟಾಗಿತ್ತು. ಪ್ರಾಣಿಯ ಮೂಳೆಗಳಿಗೆ ತಂತಿ ಸುತ್ತಿ, ಚರ್ಮವನ್ನು ಚೀಲದಂತೆ ಹೊಲಿದು, ಒಳಗೆ ಹುಲ್ಲನ್ನು ತುರುಕಲಾಗುತ್ತಿತ್ತು. ಮಾಂಸಖಂಡಗಳ ಉಬ್ಬುತಗ್ಗುಗಳಿಗೆ ಅಲ್ಲಿ ಎಡೆಯೇ ಇರಲಿಲ್ಲ. ಏಕ್ಲಿಗೆ ಈ ಪದ್ಧತಿಯ ಬಗ್ಗೆ ಅಸಮಾಧಾನವಿತ್ತು. 1885ರಲ್ಲಿ ಸರ್ಕಸ್ ಮಾಲೀಕ ಬಾರ್ನಮ್ ಅವರ ಪ್ರಸಿದ್ಧ ಆನೆ ಜಂಬೊ ಕೆನಡಾದಲ್ಲಿ ರೈಲು ಬಡಿದು ಸತ್ತಾಗ ಅದರ ಚರ್ಮವನ್ನು ನಿಲ್ಲಿಸುವ ಕೆಲಸ ವಾರ್ಡ್ ಸಂಸ್ಥೆಗೆ ಬಂದಿತು. ಮರದ ಭಾರೀ ಚೌಕಟ್ಟಿನ ಮೇಲೆ ಆ ಚರ್ಮವನ್ನು ಹೊದಿಸಿದವರಲ್ಲಿ ಏಕ್ಲಿಯೂ ಒಬ್ಬರು. ಆ ಆನೆ 1975ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಸುಟ್ಟುಹೋಯಿತು.

ಮಿಲ್ವಾಕಿ ಮತ್ತು ಶಿಕಾಗೊ

1886ರ ನಂತರ ಏಕ್ಲಿ ಮಿಲ್ವಾಕಿ ಸಾರ್ವಜನಿಕ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. 1890ರಲ್ಲಿ ಅವರು ಮಸ್ಕ್‌ರ್‍ಯಾಟ್ ಎಂಬ ನೀರಿಲಿಗಳನ್ನು ಅವುಗಳ ಜೌಗು ನೆಲೆಯೊಡನೆ ತೋರಿಸುವ ದೃಶ್ಯಾವಳಿಯನ್ನು ರಚಿಸಿದರು. ನೆಲೆಯ ಸಮೇತ ಪ್ರಾಣಿಗಳನ್ನು ಪ್ರದರ್ಶಿಸಿದ ಮೊದಲ ಕೃತಿಗಳಲ್ಲಿ ಅದನ್ನು ಎಣಿಸಲಾಗುತ್ತದೆ. ಅದು ಇಂದಿಗೂ ಅಲ್ಲಿದೆ.

ಆಮೇಲೆ ಶಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ಸೇರಿ, 1896ರಲ್ಲಿ ಡೇನಿಯಲ್ ಎಲಿಯಟ್ ಅವರೊಂದಿಗೆ ಸೊಮಾಲಿಲ್ಯಾಂಡ್‌ಗೆ ತೆರಳಿದರು. ಗಾಯಗೊಂಡ ಚಿರತೆಯೊಂದು ಮೇಲೆರಗಿದಾಗ ಬರಿಗೈಯಿಂದಲೇ ಅದನ್ನು ಕೊಂದ ಘಟನೆ ಈ ಪ್ರವಾಸದ್ದು. ಅವರ ಹೆಸರು ಜನಜನಿತವಾದದ್ದು ಇದರಿಂದಲೇ ಆದರೂ, ಅವರ ಸಾಧನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿಲ್ಲ.

ಚರ್ಮ ಮತ್ತು ಅಚ್ಚು

ಏಕ್ಲಿಯ ವಿಧಾನದಲ್ಲಿ ಮೊದಲು ಬರುವುದು ಅಳತೆ. ಪ್ರಾಣಿ ಬಿದ್ದೊಡನೆ ಅದರ ಅಳತೆಗಳನ್ನು ಗುರುತುಹಾಕಿಕೊಂಡು, ಛಾಯಾಚಿತ್ರ ತೆಗೆದು, ಮುಖದ ಪ್ಲಾಸ್ಟರ್ ಅಚ್ಚನ್ನು ಪಡೆಯುತ್ತಿದ್ದರು. ಕಾರ್ಯಾಗಾರದಲ್ಲಿ ಅಸ್ಥಿಪಂಜರದ ಆಧಾರದ ಮೇಲೆ ಜೇಡಿಮಣ್ಣಿನಿಂದ ಪ್ರಾಣಿಯ ದೇಹವನ್ನು ಸ್ನಾಯು ಸ್ನಾಯುವಾಗಿ ರೂಪಿಸಿ, ಅದರಿಂದ ಪ್ಲಾಸ್ಟರ್ ಅಚ್ಚನ್ನು ತೆಗೆದು, ಅಚ್ಚಿನ ಒಳಗೆ ಬಟ್ಟೆ, ಕಾಗದದ ರೊಜ್ಜು ಹಾಗೂ ತಂತಿಬಲೆಗಳಿಂದ ಟೊಳ್ಳಾದ ಹಗುರ ದೇಹವೊಂದನ್ನು ಕಟ್ಟುತ್ತಿದ್ದರು. ಚರ್ಮವನ್ನು ಅಂಟಿಸುತ್ತಿದ್ದುದು ಇದರ ಮೇಲೆ.

ಇಂತಹ ಸೂಕ್ಷ್ಮ ದೇಹದ ಮೇಲೆ ದಪ್ಪ ಚರ್ಮ ಕೂಡದು. ಚರ್ಮ ದಪ್ಪವಾಗಿದ್ದರೆ ಕೆಳಗಿನ ನರ, ಸ್ನಾಯು, ಸುಕ್ಕುಗಳು ಮುಚ್ಚಿಹೋಗುತ್ತವೆ. ಒಣಗುವಾಗ ಅದು ಕುಗ್ಗಿ ಹೊಲಿಗೆಗಳನ್ನು ಬಿಚ್ಚುತ್ತದೆ. ಒಳಮೈಯಲ್ಲಿ ಮಾಂಸವೋ ಕೊಬ್ಬೋ ಉಳಿದರೆ ಉಪ್ಪು ಮತ್ತು ಹದಗೊಳಿಸುವ ದ್ರವ ಒಳಕ್ಕೆ ಇಳಿಯುವುದಿಲ್ಲ. ಆಗ ಚರ್ಮ ಕೊಳೆತು ಕೂದಲು ಕಿತ್ತುಬರುತ್ತದೆ. ಆದ್ದರಿಂದ ಒಳಮೈಯನ್ನು ಹೆರೆದು ತೆಳುಗೊಳಿಸುವುದು ಈ ಕಸುಬಿನ ಅತ್ಯಂತ ಬೇಸರದ, ಆದರೆ ಬಿಡಲಾಗದ ಹಂತ. ಆನೆಯ ಚರ್ಮ ಕೆಲವೆಡೆ ಅಂಗುಲದಷ್ಟು ದಪ್ಪವಿರುವುದರಿಂದ ಆಫ್ರಿಕಾದ ಬಿಸಿಲಿನಲ್ಲಿ ಕಾಯಲು ಸಮಯವಿರಲಿಲ್ಲ. ಆನೆ ಬಿದ್ದ ಜಾಗದಲ್ಲಿಯೇ ಸ್ಥಳೀಯ ಕೂಲಿಯಾಳುಗಳು ಚಾಕುಗಳನ್ನು ಹಿಡಿದು ಚರ್ಮವನ್ನು ಹೆರೆದು ಉಪ್ಪು ಹಾಕುತ್ತಿದ್ದರು. ವಸ್ತುಸಂಗ್ರಹಾಲಯದ ಫಲಕಗಳಲ್ಲಿ ಇವರ ಹೆಸರುಗಳು ಅಪರೂಪ.

ಇಂದಿನ ಕಾರ್ಯಾಗಾರಗಳಲ್ಲಿ ಈ ಕೆಲಸಕ್ಕೆ ಮೋಟಾರಿನಿಂದ ತಿರುಗುವ ದುಂಡು ಅಲಗಿನ ಯಂತ್ರವನ್ನು ಬಳಸುತ್ತಾರೆ. ಅಲಗಿನ ಅಂಚನ್ನು ಮೊದಲು ಮಸೆದು ಹರಿತಗೊಳಿಸಿ, ಅನಂತರ ಗಟ್ಟಿಯಾದ ನುಣುಪು ಉಕ್ಕಿನ ಸಲಾಕೆಯನ್ನು ಒತ್ತಿ ಅಂಚನ್ನು ಒಂದು ಬದಿಗೆ ಬಾಗಿಸಲಾಗುತ್ತದೆ. ಹೆರೆಯುವುದು ಈ ಬಾಗಿದ ಬಾಯಿ. ಬಾಗು ಕಡಿಮೆಯಾದರೆ ಅಲಗು ಒಳಕ್ಕೆ ನುಗ್ಗಿ ಚರ್ಮವನ್ನು ತೂತು ಮಾಡುತ್ತದೆ. ಹೆಚ್ಚಾದರೆ ಕಚ್ಚದೆ ಜಾರುತ್ತದೆ. ಕೆಲಸದ ನಡುವೆ ಬಾಯಿ ಮೊಂಡಾದಾಗಲೆಲ್ಲ ಸಲಾಕೆ ತಾಗಿಸಿದರೆ ಸಾಕು, ಪ್ರತಿ ಸಲ ಪೂರ್ತಿ ಮಸೆಯಬೇಕಿಲ್ಲ. ಚರ್ಮವನ್ನು ಎರಡು ಕೈಗಳಿಂದ ಬಿಗಿಯಾಗಿ ಎಳೆದು ಹಿಡಿಯಬೇಕು, ಏಕೆಂದರೆ ಮಡಿಕೆ ಬಿದ್ದೆಡೆ ಅಲಗು ಕತ್ತರಿಸಿಬಿಡುತ್ತದೆ. ತುಟಿ, ಕಣ್ಣೆವೆ ಹಾಗೂ ಕಿವಿಗಳ ಸುತ್ತ ಇಂದಿಗೂ ಸಣ್ಣ ಚಾಕುವೇ ಗತಿ.

ಆನೆಗಳು ಮತ್ತು ಡೀಲಿಯಾ

1902ರಲ್ಲಿ ಏಕ್ಲಿ ಡೀಲಿಯಾ ಅವರನ್ನು ವಿವಾಹವಾದರು. ನಾಲ್ಕು ಋತುಗಳಲ್ಲಿ ಜಿಂಕೆಗಳನ್ನು ತೋರಿಸುವ ಶಿಕಾಗೊದ ದೃಶ್ಯಾವಳಿಗೆ ಬೇಕಾದ ಸಾವಿರಾರು ಮೇಣದ ಎಲೆಗಳ ತಯಾರಿಕೆಯಲ್ಲಿ ಆಕೆಯ ದುಡಿಮೆ ದೊಡ್ಡದು. ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಕಾದಾಡುತ್ತಿರುವ ಎರಡು ಆನೆಗಳ ಪೈಕಿ ಒಂದನ್ನು ಬೇಟೆಯಾಡಿದವರೂ ಆಕೆಯೇ. 1910ರಲ್ಲಿ ಕೀನ್ಯಾ ಪರ್ವತದ ಬಳಿ ಸಲಗವೊಂದು ಏಕ್ಲಿಯನ್ನು ನೆಲಕ್ಕೊತ್ತಿ ತೀವ್ರವಾಗಿ ಗಾಯಗೊಳಿಸಿದಾಗ, ರಾತ್ರಿಯಲ್ಲಿ ಕಾಡು ದಾಟಿ ಅವರ ಬಳಿಗೆ ಬಂದು ಜೀವ ಉಳಿಸಿದವರು ಡೀಲಿಯಾ. 1923ರಲ್ಲಿ ಇವರ ವಿಚ್ಛೇದನವಾಯಿತು. ಅನಂತರದ ಬರಹಗಳು ಆಕೆಯ ಪಾಲನ್ನು ಬಹುಮಟ್ಟಿಗೆ ಮರೆತವು, ಇದು ನ್ಯಾಯವೆನಿಸುವುದಿಲ್ಲ. ಮರುವರ್ಷ ಏಕ್ಲಿ ಮೇರಿ ಜೋಬ್ ಅವರನ್ನು ಮದುವೆಯಾದರು.

ಉಪಜ್ಞೆಗಳು

ಫೀಲ್ಡ್ ವಸ್ತುಸಂಗ್ರಹಾಲಯದ ಹಳೆಯ ಕಟ್ಟಡದ ಗೋಡೆಗಳು ಉದುರುತ್ತಿದ್ದಾಗ, ಗಾಳಿಯ ಒತ್ತಡದಿಂದ ಸಿಮೆಂಟನ್ನು ಸಿಂಪಡಿಸುವ ಉಪಕರಣವನ್ನು ಏಕ್ಲಿ ರೂಪಿಸಿದರು. ಸುರಂಗ ಮತ್ತು ಇಳಿಜಾರುಗಳ ಕಾಮಗಾರಿಗಳಲ್ಲಿ ಇಂದು ಬಳಕೆಯಲ್ಲಿರುವ ಷಾಟ್‌ಕ್ರೀಟ್ ಇದರ ಮುಂದುವರಿಕೆ. ಕಾಡಿನಲ್ಲಿ ಓಡುವ ಪ್ರಾಣಿಗಳನ್ನು ಚಿತ್ರೀಕರಿಸಲು ಅವರು ಸಿದ್ಧಪಡಿಸಿದ ಚಲನಚಿತ್ರ ಕ್ಯಾಮೆರಾಕ್ಕೆ 1915ರಲ್ಲಿ ಪೇಟೆಂಟ್ ದೊರೆಯಿತು.

ಗೊರಿಲ್ಲಾಗಳು ಮತ್ತು ಕೊನೆಯ ದಿನಗಳು

1921ರಲ್ಲಿ ಏಕ್ಲಿ ಪರ್ವತ ಗೊರಿಲ್ಲಾಗಳಿಗಾಗಿ ಬೆಲ್ಜಿಯನ್ ಕಾಂಗೋದ ಮಿಕೆನೊ ಪರ್ವತಕ್ಕೆ ಹೋದರು. ಅವರ ತಂಡವು ವಸ್ತುಸಂಗ್ರಹಾಲಯಕ್ಕಾಗಿ ಐದು ಗೊರಿಲ್ಲಾಗಳನ್ನು ಕೊಂದಿತು. ಕಾಡಿನಲ್ಲಿ ಅವುಗಳ ಚಲನವಲನವನ್ನೂ ಏಕ್ಲಿ ಚಿತ್ರೀಕರಿಸಿದರು. ಕ್ರೂರಮೃಗವೆಂದು ಪ್ರಸಿದ್ಧವಾಗಿದ್ದ ಈ ಪ್ರಾಣಿ ವಾಸ್ತವದಲ್ಲಿ ಸೌಮ್ಯವಾದುದು ಎಂಬುದು ಅವರಿಗೆ ಮನದಟ್ಟಾಯಿತು. ಹಿಂದಿರುಗಿದ ಮೇಲೆ ಅವುಗಳಿಗೆ ರಕ್ಷಿತ ನೆಲೆಯೊಂದು ಬೇಕೆಂದು ಬೆಲ್ಜಿಯಂ ದೊರೆ ಒಂದನೆಯ ಆಲ್ಬರ್ಟ್ ಅವರ ಮನವೊಲಿಸಲು ಶ್ರಮಿಸಿದರು. 1925ರಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಇಂದಿನ ವಿರುಂಗಾ ರಾಷ್ಟ್ರೀಯ ಉದ್ಯಾನ ಅದರ ಭಾಗವಾಗಿತ್ತು. ಪ್ರದರ್ಶನಕ್ಕಾಗಿ ಕೊಂದವರೇ ರಕ್ಷಣೆಗೂ ನಿಂತರೆಂಬ ವೈರುಧ್ಯವನ್ನು ಏಕ್ಲಿಯ ಬದುಕಿನಿಂದ ಬೇರ್ಪಡಿಸಲಾಗದು.

1926ರಲ್ಲಿ ಮತ್ತೆ ಅದೇ ಪ್ರದೇಶಕ್ಕೆ ತೆರಳಿದ ಏಕ್ಲಿ ನವೆಂಬರ್ ತಿಂಗಳಲ್ಲಿ ಅಲ್ಲಿಯೇ ಅನಾರೋಗ್ಯದಿಂದ ನಿಧನರಾದರು. ಮಿಕೆನೊ ಪರ್ವತದ ಇಳಿಜಾರಿನಲ್ಲಿ ಅವರ ಸಮಾಧಿಯಿದೆ. ಜೊತೆಗಿದ್ದ ಪತ್ನಿ ಮೇರಿ ಪ್ರವಾಸದ ಉಳಿದ ಕೆಲಸವನ್ನು ಮುಂದುವರಿಸಿದರು. ಅವರು ಯೋಜಿಸಿದ್ದ ಸಭಾಂಗಣವು 1936ರಲ್ಲಿ ನ್ಯೂಯಾರ್ಕ್‌ನಲ್ಲಿ ತೆರೆಯಿತು. ನಡುವೆ ಎಂಟು ಆನೆಗಳ ಹಿಂಡು, ಸುತ್ತ 28 ದೃಶ್ಯಾವಳಿಗಳು. ಅವುಗಳಲ್ಲಿ ಒಂದರಲ್ಲಿ 1921ರ ಐದು ಗೊರಿಲ್ಲಾಗಳಿವೆ.