ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ಇರುಳಿನಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಮಹಿಳೆಯ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಆಕೆ ಲೆಕ್ಕದಲ್ಲಿಯೂ ನಿಪುಣೆಯಾಗಿದ್ದಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಫ್ಲಾರೆನ್ಸ್ ನೈಟಿಂಗೇಲ್ 1820ನೆಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ದಂಪತಿಗಳಿಗೆ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಆಕೆಯ ಹೆಸರಾಯಿತು. ತಂದೆಯೇ ಗುರುವಾಗಿ ಹಲವು ಭಾಷೆಗಳನ್ನು ಕಲಿಸಿದನು. ಗಣಿತದಲ್ಲಿ ಆಕೆಗೆ ವಿಶೇಷ ಒಲವು. ಆ ಕಾಲದಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಮನೆಯವರು ವಿರೋಧಿಸಿದರೂ ಪಟ್ಟುಬಿಡದೆ 1851ರಲ್ಲಿ ಜರ್ಮನಿಗೆ ಹೋಗಿ ಶುಶ್ರೂಷೆ ಕಲಿತಳು.

1854ರ ನವೆಂಬರಿನಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಬಂದಳು. ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವಿರಾರು ಸೈನಿಕರು ಸತ್ತರು. ಗುಂಡೇಟಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರಗಳಿಗೆ ಬಲಿಯಾದವರೇ ಹೆಚ್ಚು. 1855ರ ಮಾರ್ಚಿನಲ್ಲಿ ಸರಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಆಸ್ಪತ್ರೆಯ ಚರಂಡಿಗಳನ್ನು ಶುಚಿಗೊಳಿಸಿ, ಕೋಣೆಗಳಲ್ಲಿ ಗಾಳಿಯಾಡುವಂತೆ ಮಾಡಿತು. ಸಾವುಗಳು ಬೇಗನೆ ಇಳಿದವು.

ಊರಿಗೆ ಮರಳಿದ ಬಳಿಕ ಆಕೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞನ ನೆರವಿನಿಂದ ಸತ್ತವರ ಲೆಕ್ಕ ಹಾಕಿದಳು. ಆಹಾರ, ಬಟ್ಟೆಗಳ ಕೊರತೆಯೇ ಸಾವಿಗೆ ಮುಖ್ಯ ಕಾರಣವೆಂದು ಅದುವರೆಗೆ ನಂಬಿದ್ದಳು. ಲೆಕ್ಕ ಬೇರೆಯೇ ಹೇಳಿತು. ತಾನು ದೀಪ ಹಿಡಿದು ನಡೆದ ಆಸ್ಪತ್ರೆಯ ಕೊಳೆಯೇ ಬಹುಮಂದಿಯನ್ನು ಕೊಂದಿತ್ತು! ಲೋಕವೆಲ್ಲ ಹೊಗಳುತ್ತಿದ್ದಾಗ ಸುಮ್ಮನಿರಬಹುದಿತ್ತು. ಆಕೆ ಸುಮ್ಮನಿರಲಿಲ್ಲ. ಸಾವಿನ ಕಾರಣಗಳನ್ನು ವೃತ್ತಾಕಾರದ ಬಣ್ಣದ ನಕ್ಷೆಯಲ್ಲಿ ತೋರಿಸಿ ಅಧಿಕಾರಿಗಳ ಕಣ್ಣು ತೆರೆಸಿದಳು. 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘದ ಪ್ರಥಮ ಮಹಿಳಾ ಸದಸ್ಯೆಯಾದಳು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಪ್ರಾರಂಭವಾಯಿತು. ನಮಗೆ ಪ್ರಗತಿಪತ್ರ ಇರುವಂತೆ ಅಲ್ಲಿಯೂ ಪ್ರತಿ ತಿಂಗಳು ಒಂದು ಪಟ್ಟಿ ತುಂಬಬೇಕಾಗಿತ್ತು. ಸಮಯಪಾಲನೆ, ಶುಚಿತ್ವ, ಪ್ರಾಮಾಣಿಕತೆ ಒಂದು ಕಡೆ. ಗಾಯ ಕಟ್ಟುವುದು, ರೋಗಿಯ ಸ್ಥಿತಿಯನ್ನು ಗಮನಿಸುವುದು ಮುಂತಾದ ಕೆಲಸಗಳು ಇನ್ನೊಂದು ಕಡೆ. ಪ್ರತಿಯೊಂದಕ್ಕೂ ಉತ್ತಮ, ಸಾಧಾರಣ, ಅಪೂರ್ಣ ಎಂಬಂತೆ ಗುರುತು. ಕರುಣೆಯೊಂದೇ ಸಾಲದು, ಕೈಯ ಕೆಲಸವೂ ಪರೀಕ್ಷೆಗೆ ನಿಲ್ಲಬೇಕೆಂಬುದು ಆಕೆಯ ನಿಲುವು.

ಆಕೆ ಭಾರತವನ್ನು ಕಂಡವಳಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳಿಗೆ ಪ್ರಶ್ನಾವಳಿ ಕಳುಹಿಸಿ ನೀರು, ಚರಂಡಿಗಳ ವಿವರ ತರಿಸಿಕೊಂಡಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ತಿಳಿಸಿತು. ಮುಂದೆ ಹಲವು ವರ್ಷ ಆಕೆ ಇಲ್ಲಿನ ಹಳ್ಳಿಗಳ ನೈರ್ಮಲ್ಯಕ್ಕಾಗಿಯೂ ಪತ್ರ ಬರೆಯುತ್ತಲೇ ಇದ್ದಳು.

1910ನೆಯ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆಕೆಯ ಜನ್ಮದಿನವನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ.

ಲೆಕ್ಕ ತಪ್ಪಾದರೆ ಕೈಯಿಂದ ಮುಚ್ಚಿಕೊಳ್ಳುವವರು ನಾವು. ತಪ್ಪನ್ನು ಬೆಳಕಿಗೆ ಹಿಡಿದರೆ ಮುಂದಿನವನ ಪ್ರಾಣ ಉಳಿಯುತ್ತದೆಂದು ಆಕೆ ಅರಿತಿದ್ದಳು. ನಾವು ಆಕೆಯಿಂದ ಕಲಿಯತಕ್ಕದ್ದು ಇದೇ.