ಮಿದುಳು, ಮನಸ್ಸುಗಳ ಅಧ್ಯಯನವನ್ನು ಒಂದೆಡೆ ತಂದ ಡಾ. ಗೋವಿಂದಸ್ವಾಮಿ

ಯಾದಗಿರಿ: ಮನೆಯವರೊಬ್ಬರ ಮನಸ್ಸು ಕದಡಿದಾಗ, ನೆನಪು ಮಾಸತೊಡಗಿದಾಗ ಯಾದಗಿರಿ, ಶಹಾಪುರ, ಸುರಪುರದ ಕುಟುಂಬಗಳಿಗೆ ನೆನಪಾಗುವ ಹೆಸರು ನಿಮ್ಹಾನ್ಸ್. ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಲು ರೈಲು ಮಾರ್ಗವಿಲ್ಲದ ಶಹಾಪುರ, ಸುರಪುರದವರು ಯಾದಗಿರಿಗೆ ಬಂದು ರೈಲು ಹಿಡಿಯುತ್ತಾರೆ. ಈ ಸಂಸ್ಥೆಗೆ ಬುನಾದಿ ಹಾಕಿದವರು ಡಾ. ಎಂ.ವಿ. ಗೋವಿಂದಸ್ವಾಮಿ.

1904ರಲ್ಲಿ ಜನಿಸಿದ ಅವರು ವಿದೇಶದಲ್ಲಿ ಮನೋವೈದ್ಯಕೀಯ ತರಬೇತಿ ಪಡೆದರು. 1930ರ ದಶಕದ ಕೊನೆಯಲ್ಲಿ, ಡಾ. ಫ್ರಾಂಕ್ ನರೋನ್ಹಾ ಅವರ ನಂತರ, ಮೈಸೂರು ಸಂಸ್ಥಾನದ ಬೆಂಗಳೂರು ಮಾನಸಿಕ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆದರು. ತೀವ್ರ ಮನೋರೋಗಕ್ಕೆ ಆಗ ಪರಿಣಾಮಕಾರಿ ಔಷಧಗಳಿರಲಿಲ್ಲ.

ಮಿದುಳಿನ ಮುಂಭಾಗಕ್ಕೂ ಒಳಭಾಗಕ್ಕೂ ನಡುವಣ ನರತಂತುಗಳನ್ನು ಕತ್ತರಿಸಿ ಉದ್ವೇಗವನ್ನು ತಗ್ಗಿಸುವ ಲ್ಯೂಕೋಟಮಿ ಶಸ್ತ್ರಚಿಕಿತ್ಸೆಯನ್ನು ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1935ರಲ್ಲಿ ಆರಂಭಿಸಿದ್ದರು. ಅದಕ್ಕಾಗಿ 1949ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. ಗೋವಿಂದಸ್ವಾಮಿ ಅವರು ಶಸ್ತ್ರಚಿಕಿತ್ಸಕ ಡಾ. ಬಾಲಕೃಷ್ಣ ರಾವ್ ಅವರೊಡನೆ ಬೆಂಗಳೂರಿನಲ್ಲಿ ಇದನ್ನು ಕೈಗೊಂಡು, 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು.

ಈ ಚಿಕಿತ್ಸೆಯ ಬೆಲೆ ದೊಡ್ಡದಾಗಿತ್ತು. ಹಲವೆಡೆ ರೋಗಿಗಳು ಶಾಂತರಾದರೂ ಭಾವನೆ ಮಂಕಾಗಿ, ಸ್ವಂತ ಇಚ್ಛಾಶಕ್ತಿ ಕುಂದಿತು. 1950ರ ದಶಕದಲ್ಲಿ ಔಷಧಗಳು ಬಂದ ಬಳಿಕ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಭಾವನೆ ಮಿದುಳಿನ ಯಾವುದೋ ಒಂದು ಮೂಲೆಯಲ್ಲಿ ನೆಲೆಸಿಲ್ಲ. ಅಮಿಗ್ಡಲಾ, ಹಿಪೊಕ್ಯಾಂಪಸ್ ಮತ್ತು ಮುಂಭಾಗದ ಹಾಲೆ ಪರಸ್ಪರ ಸಂಪರ್ಕದಿಂದ ಭಾವನೆ, ನೆನಪುಗಳನ್ನು ರೂಪಿಸುತ್ತವೆ ಎಂಬುದು ಇಂದಿನ ತಿಳಿವಳಿಕೆ. ಭಯದ ಘಟನೆ ಆಳವಾಗಿ ನೆನಪಿನಲ್ಲಿ ಉಳಿಯುವುದಕ್ಕೂ ಈ ನಂಟೇ ಕಾರಣ.

ಗೋವಿಂದಸ್ವಾಮಿ ಅವರ ಹಿರಿಮೆ ಆ ಶಸ್ತ್ರಚಿಕಿತ್ಸೆಯಲ್ಲಿಲ್ಲ, ಅವರು ಕಟ್ಟಿದ ಸಂಸ್ಥೆಯಲ್ಲಿದೆ. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದ ಅವರು, ಮನೋವೈದ್ಯಕೀಯದ ಜೊತೆಗೆ ಮನೋವಿಜ್ಞಾನದ ಬೋಧನೆಗೂ ನೆಲೆ ಒದಗಿಸಿದರು. ಭಾರತೀಯ ತತ್ವಶಾಸ್ತ್ರದಲ್ಲಿಯೂ ಅವರಿಗೆ ಆಳವಾದ ಆಸಕ್ತಿಯಿತ್ತು. 1958ರಲ್ಲಿ ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಸಂಸ್ಥೆಯನ್ನು ಸೇರಿದರು.

ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ, ಬೆಂಗಳೂರಿನ ಮಾನಸಿಕ ಆಸ್ಪತ್ರೆ ಇಲ್ಲಿನವರಿಗೂ ತಮ್ಮದೇ ರಾಜ್ಯದ ಆಸ್ಪತ್ರೆಯಾಯಿತು. ಗೋವಿಂದಸ್ವಾಮಿ 1961ರಲ್ಲಿ ನಿಧನರಾದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಮೈದಾಳಿತು.

ರೋಗಿಯೇ ಬೆಂಗಳೂರಿಗೆ ಬರುವ ಬದಲು ಚಿಕಿತ್ಸೆ ಹಳ್ಳಿಯ ಆರೋಗ್ಯ ಕೇಂದ್ರವನ್ನು ತಲುಪಬೇಕೆಂದು 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋರೋಗವನ್ನು ಶಾಪವೆನ್ನದೆ ಕಾಯಿಲೆಯೆಂದು ಕಂಡ ವೈದ್ಯರೊಬ್ಬರು ನೆಟ್ಟ ಸಸಿಯ ನೆರಳು ಹೀಗೆ ದೂರದ ಜಿಲ್ಲೆಗಳಿಗೂ ಚಾಚಿತು.