ವಿಕ್ಟರ್ ಟ್ರಂಪರನ ಇನ್ನೊಂದು ಆಟ

ಕ್ರಿಕೆಟ್ಟಿನ ಹಳೆಯ ಚರಿತ್ರೆಯನ್ನು ಬಲ್ಲ ನಮ್ಮ ವಾಚಕರಿಗೆ ಆಸ್ಟ್ರೇಲಿಯದ ವಿಕ್ಟರ್ ಟ್ರಂಪರನ ಹೆಸರು ಹೊಸತಲ್ಲ. ಬ್ರಾಡ್ಮನ್ನನು ಹುಟ್ಟುವ ಮುಂಚೆ ಆ ದೇಶದವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಬ್ಯಾಟುಗಾರನೆಂದರೆ ಈತನೇ. ಆದರೆ ಈತನು ಇನ್ನೊಂದು ಆಟದ ಬುಡಕ್ಕೂ ನೀರೆರೆದವನೆಂಬುದನ್ನೂ, ಸಿಡ್ನಿ ನಗರದ ಕೇರಿಕೇರಿಗಳಲ್ಲಿ ರಗ್ಬಿ ಲೀಗಿನ ಕ್ಲಬ್ಬುಗಳು ತಲೆಯೆತ್ತಿದಾಗ ಆ ಲೀಗಿನ ಹಣದ ಪೆಟ್ಟಿಗೆ ಈತನ ಕೈಯಲ್ಲಿತ್ತೆಂಬುದನ್ನೂ ಬಲ್ಲವರು ಕಡಿಮೆ. ಆ ಕ್ಲಬ್ಬುಗಳಲ್ಲಿ ಕೆಲವು ಅಳಿದವು. ಕೆಲವು ನೆಲೆ ಬದಲಿಸಲು ಹೊರಟು ದಾರಿಯಲ್ಲೇ ಕೆಟ್ಟವು. ಒಂದನ್ನು ಹೊರಗೆ ಹಾಕಿದಾಗ ಜನ ಬೀದಿಗಿಳಿದು ಮತ್ತೆ ಒಳಗೆ ತಂದರು. ಟ್ರಂಪರನ ಜೀವನವನ್ನು ಒಮ್ಮೆ ಆ ಕಡೆಯಿಂದ ನೋಡಬೇಕೆಂದು ನಮಗೆ ಅನ್ನಿಸಿತು.

1877ರ ಸುಮಾರಿಗೆ ಜನಿಸಿದ ಈತನು ಸಿರಿವಂತರ ಮಗನಲ್ಲ. ತಂದೆಯದು ಪಾದರಕ್ಷೆ ತಯಾರಿಸುವ ಉದ್ಯೋಗ. ಕ್ರೌನ್ ಬೀದಿಯ ಸರ್ಕಾರಿ ಶಾಲೆಯಲ್ಲಿ ಓದು. ಸರ್ರಿ ಹಿಲ್ಸ್, ಪ್ಯಾಡಿಂಗ್ಟನ್ ಮೊದಲಾದ ದುಡಿಯುವವರ ಕೇರಿಗಳಲ್ಲಿ ಆಟ. ಪ್ರಾಯಕ್ಕೆ ಬಂದ ಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದನು. ನಮ್ಮ ವಾಚಕರಲ್ಲಿ ಲೆಕ್ಕಣಿಕೆ ಹಿಡಿದೇ ಬದುಕುವವರು ಅನೇಕರಿರುವುದರಿಂದ ಈ ಸಂಗತಿಯನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗಲಿಲ್ಲ.

1899ರಲ್ಲಿ ಆಸ್ಟ್ರೇಲಿಯದ ತಂಡ ಇಂಗ್ಲೆಂಡಿಗೆ ಹೊರಟಾಗ ಟ್ರಂಪರನನ್ನು ಕಡೆಯವನಾಗಿ, ಇತರರಿಗಿಂತ ಕಡಿಮೆ ಪಾಲಿನ ಕರಾರಿನ ಮೇಲೆ ಸೇರಿಸಿಕೊಂಡರು. ಲಾರ್ಡ್ಸಿನ ಟೆಸ್ಟಿನಲ್ಲಿ ಔಟಾಗದೆ 135, ಸಸೆಕ್ಸಿನ ಎದುರು ಔಟಾಗದೆ 300 ಹೊಡೆದ ಮೇಲೆ ಜೊತೆಯವರೇ ಮನಸ್ಸು ಮಾಡಿ ಆತನಿಗೆ ಪೂರ್ಣ ಪಾಲು ಕೊಡಿಸಿದರು. 1902ರ ಪ್ರವಾಸದಲ್ಲಿಯಂತೂ ಮಳೆ ನಿಲ್ಲದ ಬೇಸಗೆ. ಆ ಒದ್ದೆ ನೆಲದ ಮೇಲೆ ಹನ್ನೊಂದು ಶತಕಗಳು, 2570 ರನ್ನುಗಳು. ಓಲ್ಡ್ ಟ್ರ್ಯಾಫರ್ಡ್ ಟೆಸ್ಟಿನ ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಆತನ ಶತಕ ಮುಗಿದಿತ್ತು. ಆ ದಿನ ಇಂಗ್ಲೆಂಡಿನ ಪರವಾಗಿ ಮೈದಾನದಲ್ಲಿ ನಿಂತು ಚೆಂಡಿನ ಹಿಂದೆ ಓಡಿದವರಲ್ಲಿ ನಮ್ಮ ರಣಜಿತ್‌ಸಿಂಹರೂ ಒಬ್ಬರು. ಅದೇ ಅವರ ಕಡೆಯ ಟೆಸ್ಟು. ಆಸ್ಟ್ರೇಲಿಯ ಮೂರೇ ರನ್ನುಗಳಿಂದ ಗೆದ್ದಿತು. ಕ್ರಿಕೆಟ್ಟಿನ ಮಾತು ಇಷ್ಟು ಸಾಕು.

1904ರಲ್ಲಿ ಟ್ರಂಪರನು ವಿವಾಹವಾದನು. ಅದೇ ಕಾಲಕ್ಕೆ, ತಂಡದ ವಿಕೆಟ್ ಕೀಪರನಾದ ಹ್ಯಾನ್ಸನ್ ಕಾರ್ಟರನೊಡನೆ ಸೇರಿ ಸಿಡ್ನಿಯ ಮಾರ್ಕೆಟ್ ಬೀದಿಯಲ್ಲಿ ಆಟದ ಸಾಮಾನುಗಳ ಅಂಗಡಿ ತೆರೆದನು. ವ್ಯಾಪಾರ ಆತನಿಗೆ ಕೂಡಿಬರುವಂಥದಲ್ಲ. ಟೆಸ್ಟಿನಲ್ಲಿ ತಾನು ಹಿಡಿದಿದ್ದ ಬ್ಯಾಟನ್ನು ಯಾರೋ ಅಭಿಮಾನಿ ಕೊಳ್ಳಬಂದರೆ, ಅದು ಬಳಸಿದ ಮಾಲು ಎಂದು ಬೆಲೆ ಇಳಿಸಿ ಕೊಟ್ಟನಂತೆ. ಬಡ ಹುಡುಗರು ಬಂದರೆ ಬೆಲೆಯ ಮಾತೇ ಇಲ್ಲ. ಇಂಥವನ ಅಂಗಡಿ ಲಾಭದ ಸ್ಥಳವಾಗುವ ಬದಲು ಹರಟೆಯ ಸ್ಥಳವಾದುದು ಸಹಜ. ಆಟಗಾರರು ಬಂದು ಕೂರುತ್ತಿದ್ದರು. ತಮ್ಮ ಕಷ್ಟಸುಖಗಳನ್ನು ಹೇಳಿಕೊಳ್ಳುತ್ತಿದ್ದರು. ಆ ಹರಟೆಯಿಂದಲೇ ನಮ್ಮ ಕಥೆ ಹೊರಡುತ್ತದೆ.

ರಗ್ಬಿಯೆಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಕಾಲ್ಚೆಂಡಾಟ. ಓಡುವವನನ್ನು ಎದುರಾಳಿಗಳು ಸೊಂಟಕ್ಕೋ ಕಾಲಿಗೋ ಕೈಹಾಕಿ ಕೆಡವುತ್ತಾರೆ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನ ಪಾಡನ್ನು ನೆನೆದುಕೊಂಡರೆ ಅರ್ಧ ಅರ್ಥವಾದಂತೆ. ಮುಂಬಯಿಯಲ್ಲಿರುವವರು ಜಿಮ್ಖಾನಾದ ಅಂಗಳದಲ್ಲಿ ಇದನ್ನು ಕಂಡಿರಬಹುದು. ಮೈಮೂಳೆ ಮುರಿಯುವ ಆಟ. ಆದರೂ ಇದನ್ನು ನಡೆಸುತ್ತಿದ್ದ ಯೂನಿಯನ್ನಿನವರ ಕಟ್ಟಳೆ, ಆಟಗಾರನು ಒಂದು ಕಾಸನ್ನೂ ಮುಟ್ಟಕೂಡದೆಂದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರು ಶನಿವಾರ ಆಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಹೋದ ಕೂಲಿಯನ್ನಾದರೂ ತುಂಬಿಕೊಡಬೇಕೆಂದು ಅಲ್ಲಿಯ ಕ್ಲಬ್ಬುಗಳು ಕೇಳಿದುವು, ಸಿಗಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಅವು ಬೇರೆಯಾದುವು. ಇವರ ನಾರ್ದರ್ನ್ ಯೂನಿಯನ್ನೇ ಮುಂದೆ ರಗ್ಬಿ ಲೀಗು ಎನಿಸಿತು. ಕೆಲವು ವರ್ಷಗಳಲ್ಲಿ ತಂಡಕ್ಕೆ ಹದಿನೈದರ ಬದಲು ಹದಿಮೂರು ಮಂದಿಯೆಂದು ಮಾಡಿ ಆಟವನ್ನೂ ಚುರುಕುಗೊಳಿಸಿದರು.

ಸಿಡ್ನಿಯಲ್ಲಿ 1907ರ ಹೊತ್ತಿಗೆ ರಗ್ಬಿ ನೋಡಲು ಹತ್ತಾರು ಸಾವಿರ ಜನ ಬಾಗಿಲಲ್ಲಿ ಹಣ ತೆತ್ತು ಬರುತ್ತಿದ್ದರು. ಹಣವೆಲ್ಲ ಯೂನಿಯನ್ನಿನ ಪೆಟ್ಟಿಗೆಗೆ. ಅಲೆಕ್ ಬರ್ಡನ್ ಎಂಬ ಆಟಗಾರನು ವೃತ್ತಿಯಿಂದ ಕ್ಷೌರಿಕ. ಆಟದಲ್ಲಿ ಪೆಟ್ಟು ತಿಂದು ಕೈ ಕೆಲಸಕ್ಕೆ ಬಾರದಂತಾಯಿತು. ಕೈಯಿಲ್ಲದ ಕ್ಷೌರಿಕನಿಗೆ ಕೂಲಿ ಎಲ್ಲಿಯದು? ಯೂನಿಯನ್ನಿನಿಂದ ಆತನಿಗೆ ಪರಿಹಾರ ದೊರೆಯಲಿಲ್ಲ. ಈ ಮಾತು ಟ್ರಂಪರನ ಅಂಗಡಿಯಲ್ಲಿ ಬಂದಿತು. ಆ ಕೂಟದಲ್ಲಿ ಜೇಮ್ಸ್ ಗಿಲ್ಟಿನನ್ ಎಂಬ ಚಟುವಟಿಕೆಯ ವ್ಯಾಪಾರಿಯಿದ್ದನು. ಹೆನ್ರಿ ಹಾಯ್ಲ್ ಎಂಬ, ಕಾರ್ಮಿಕರ ಪರವಾದ ರಾಜಕಾರಣಿಯಿದ್ದನು. ಟ್ರಂಪರನು ಸಭೆಗಳಲ್ಲಿ ಗುಡುಗುವವನಲ್ಲ, ಸಂಕೋಚದ ಮನುಷ್ಯ. ಆದರೆ ಸಿಡ್ನಿಯಲ್ಲಿ ಆತನ ಹೆಸರಿಗೆ ಇದ್ದ ಬೆಲೆ ಬೇರೆ ಯಾರಿಗೂ ಇರಲಿಲ್ಲ. ಕಡಿಮೆ ಪಾಲಿನ ಕರಾರು ಎಂದರೇನೆಂದು ಸ್ವಂತ ಅನುಭವದಿಂದ ಬಲ್ಲವನು ಆತನು.

1907ರ ಆಗಸ್ಟ್ 8ರಂದು ಜಾರ್ಜ್ ಬೀದಿಯ ಬೇಟ್‌ಮನ್ನನ ಕ್ರಿಸ್ಟಲ್ ಹೋಟೆಲಿನಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗು ಸ್ಥಾಪನೆಯಾಯಿತು. ಹಾಯ್ಲ್ ಅಧ್ಯಕ್ಷ, ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ. ಅಲ್ಲಿಯೂ ಹೋಟೆಲು, ಇಲ್ಲಿಯೂ ಹೋಟೆಲು! ಸಭೆ ಮುಗಿಯುವ ತನಕ ಲೋಟ ತೊಳೆದು ಕಾಯುತ್ತಿದ್ದ ಮಾಣಿಗಳ ಹೆಸರನ್ನು ಯಾವ ಚರಿತ್ರೆಯೂ ಬರೆದಿಡುವುದಿಲ್ಲವಷ್ಟೆ.

ಅದೇ ತಿಂಗಳು ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಹೊರಟಿದ್ದ ವೃತ್ತಿ ಆಟಗಾರರ ತಂಡವೊಂದು ಸಿಡ್ನಿಯಲ್ಲಿ ಇಳಿದು ಮೂರು ಪಂದ್ಯಗಳನ್ನಾಡಿತು. ಹೊಸ ನಿಯಮಗಳ ಪುಸ್ತಕ ಇನ್ನೂ ಇಂಗ್ಲೆಂಡಿನಿಂದ ಬಂದು ತಲುಪಿರಲಿಲ್ಲವಾದ್ದರಿಂದ ಹಳೆಯ ನಿಯಮಗಳಲ್ಲೇ ಆಡಬೇಕಾಯಿತು. ಸಿಡ್ನಿಯ ಜನರ ಕಣ್ಮಣಿಯಾಗಿದ್ದ ಡ್ಯಾಲಿ ಮೆಸೆಂಜರನನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವುದೇ ಲೀಗಿನವರ ದೊಡ್ಡ ಗೆಲುವು. ಆತನು ತಾಯಿಯೊಡನೆ ಆಲೋಚಿಸಿ ಒಪ್ಪಿದನು. ಯೂನಿಯನ್ನು ಆತನನ್ನು ಹೊರಹಾಕಿತು. ಪಂದ್ಯಗಳಿಂದ ಉಳಿದ ಲಾಭ ಹೊಸ ಲೀಗಿಗೆ ಮೊದಲ ಕೈಹಣವಾಯಿತು.

ಕೈಯಲ್ಲಿ ಹಣವಿತ್ತು, ಆಟಗಾರರಿದ್ದರು, ಕ್ಲಬ್ಬುಗಳಿರಲಿಲ್ಲ. ಅವನ್ನು ಕಟ್ಟಿದ ರೀತಿಯೇ ಈ ಕಥೆಯ ತಿರುಳು. ಹಣವಂತನೊಬ್ಬನನ್ನು ಹಿಡಿದು ಅವನಿಗೆ ಒಂದು ತಂಡವನ್ನು ಒಪ್ಪಿಸಲಿಲ್ಲ. ಸಿಡ್ನಿಯ ಕ್ರಿಕೆಟ್ಟಿನಲ್ಲಿ 1893ರಿಂದಲೇ ಬಡಾವಣೆಗೊಂದು ಕ್ಲಬ್ಬು ಎಂಬ ಪದ್ಧತಿ ಬಂದಿತ್ತು. ಟ್ರಂಪರನು ಪ್ಯಾಡಿಂಗ್ಟನ್ನಿನ ಪರ ಆಡಿ ಬೆಳೆದುದೂ ಆ ಪದ್ಧತಿಯಲ್ಲಿಯೇ. ರಗ್ಬಿ ಯೂನಿಯನ್ನೂ ಅದನ್ನು ಹಿಡಿದಿತ್ತು. ಲೀಗಿನವರು ಅದನ್ನೇ ಮುಂದುವರಿಸಿ, ಆಟಗಾರನು ತಾನು ವಾಸವಾಗಿರುವ ಬಡಾವಣೆಗೇ ಆಡಬೇಕೆಂದು ಕಟ್ಟು ಮಾಡಿದರು. ಈ ವಾಸದ ಕಟ್ಟಳೆ 1959ರವರೆಗೂ ಉಳಿಯಿತು. 1908ರ ಜನವರಿ, ಫೆಬ್ರವರಿಗಳಲ್ಲಿ ಪುರಭವನಗಳಲ್ಲಿ ಒಂದರ ಹಿಂದೊಂದು ಸಭೆ. ಗ್ಲೀಬ್, ನ್ಯೂಟೌನ್, ಸೌತ್ ಸಿಡ್ನಿ, ಬಾಲ್ಮೇನ್, ಈಸ್ಟರ್ನ್ ಸಬರ್ಬ್ಸ್, ವೆಸ್ಟರ್ನ್ ಸಬರ್ಬ್ಸ್, ನಾರ್ತ್ ಸಿಡ್ನಿ ಹುಟ್ಟಿದುವು. ಜನವರಿ 17ರಂದು ರೆಡ್‌ಫರ್ನಿನ ಪುರಭವನದಲ್ಲಿ ಸೌತ್ ಸಿಡ್ನಿ ಕ್ಲಬ್ಬಿನ ಸ್ಥಾಪನೆಗೆ ಗಿಲ್ಟಿನನ್, ಹಾಯ್ಲರ ಜೊತೆಗೆ ಟ್ರಂಪರನೂ ಬಂದಿದ್ದನು. ರೈಲ್ವೆ ಕಾರ್ಖಾನೆಯವರು, ಕೂಲಿಗಳು, ಬಾಡಿಗೆ ಮನೆಗಳಲ್ಲಿದ್ದವರು ವಾಸವಾಗಿದ್ದ ಕೇರಿ ಅದು. ಸಿಡ್ನಿಯ ಹೊರಗಿನ ನ್ಯೂಕಾಸಲ್ಲೂ ಬಂದು ಸೇರಿತು. ಎಲ್ಲರಿಗಿಂತ ಕಡೆಗೆ, ನಗರದ ಪಶ್ಚಿಮದ ಅಂಚಿನಿಂದ ಕಂಬರ್ಲೆಂಡ್ ತಂಡ. ಒಟ್ಟು ಒಂಬತ್ತು.

ಏಪ್ರಿಲ್ 20ರಂದು, ಈಸ್ಟರಿನ ಸೋಮವಾರ, ವೆಂಟ್‌ವರ್ತ್ ಪಾರ್ಕಿನಲ್ಲಿಯೂ ಬರ್ಚ್‌ಗ್ರೋವಿನಲ್ಲಿಯೂ ಎರಡೆರಡು ಪಂದ್ಯಗಳೊಡನೆ ಸ್ಪರ್ಧೆ ಆರಂಭವಾಯಿತು. ಆಗಸ್ಟಿನ ಕೊನೆಯಲ್ಲಿ ಸೌತ್ ಸಿಡ್ನಿ 14-12ರಿಂದ ಈಸ್ಟರ್ನ್ ಸಬರ್ಬ್ಸನ್ನು ಸೋಲಿಸಿ ಮೊದಲ ಪ್ರಶಸ್ತಿ ಗೆದ್ದಿತು. ಆದರೆ ಲೀಗು ಗೆದ್ದಿತೆಂದು ಆಗ ಯಾರೂ ಹೇಳಲಾರರಾಗಿದ್ದರು. ಗಿಲ್ಟಿನನ್ ತಂಡವೊಂದನ್ನು ಇಂಗ್ಲೆಂಡಿಗೆ ಕರೆದೊಯ್ದು ಕೈಸುಟ್ಟುಕೊಂಡನು; ಆಟಗಾರರ ಮರುಪ್ರಯಾಣದ ಹಣವನ್ನು ನಾರ್ದರ್ನ್ ಯೂನಿಯನ್ನಿನವರೇ ಕೊಡಬೇಕಾಯಿತು. ಆತನು ದಿವಾಳಿಯಾದನು. ಇತ್ತ ಲೀಗಿನ ಹಣದ ವ್ಯವಹಾರದ ಬಗೆಗೆ ಕ್ಲಬ್ಬುಗಳವರಲ್ಲಿ ಗುಸುಗುಸು ಎದ್ದು, 1909ರಲ್ಲಿ ಹಾಯ್ಲ್, ಗಿಲ್ಟಿನನ್, ಟ್ರಂಪರ್ ಮೂವರೂ ಅಧಿಕಾರ ಕಳೆದುಕೊಂಡರು.

ನಮಗೆ ತೋರುವುದು ಹೀಗೆ: ತನ್ನ ಅಂಗಡಿಯ ಲೆಕ್ಕವನ್ನೇ ಸರಿಯಾಗಿ ಇಡಲಾರದವನನ್ನು ಖಜಾಂಚಿ ಮಾಡಿದ್ದು ಲೀಗಿನವರ ತಪ್ಪು, ಆತನ ಪ್ರಾಮಾಣಿಕತೆಯನ್ನು ಶಂಕಿಸಲು ಆತನ ಬಾಳಿನಲ್ಲಿ ಆಧಾರವಿಲ್ಲ. ಕಟ್ಟಿದವರನ್ನು ಮನೆಯಿಂದ ಹೊರಗೆ ಕಳಿಸುವುದು ಸಂಘಸಂಸ್ಥೆಗಳಲ್ಲಿ ಹೊಸತೇನಲ್ಲ; ನಮ್ಮ ಪರಊರಿನ ಸಂಘಗಳಲ್ಲಿ ಒಂದೆರಡು ವಾರ್ಷಿಕ ಸಭೆಗಳಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರಂಪರನು ಕ್ರಿಕೆಟ್ಟಿಗೆ ಮರಳಿದನು. 1911ರಲ್ಲಿ ಅಡಿಲೇಡಿನಲ್ಲಿ ದಕ್ಷಿಣ ಆಫ್ರಿಕದ ಎದುರು ಔಟಾಗದೆ 214 ರನ್ನು ಮಾಡಿದನು. 1912ರಲ್ಲಿ ಇಂಗ್ಲೆಂಡಿಗೆ ಹೋಗುವ ತಂಡದ ವ್ಯವಸ್ಥಾಪಕನನ್ನು ಆಟಗಾರರು ಆರಿಸಬೇಕೋ ಮಂಡಳಿಯವರೋ ಎಂಬ ಜಗಳ ಬಂದಾಗ, ಹೋಗೆವೆಂದು ನಿಂತ ಆರು ಮಂದಿ ಹಿರಿಯ ಆಟಗಾರರಲ್ಲಿ ಆತನೂ ಇದ್ದನು. ಬರ್ಡನ್ನನಿಗಾಗಿ ಮಾತನಾಡಿದವನು ಇಲ್ಲಿಯೂ ತನ್ನವರ ಜೊತೆಯನ್ನು ಬಿಡಲಿಲ್ಲ. ಅಷ್ಟರಲ್ಲಿ ಆರೋಗ್ಯ ಕೆಡುತ್ತ ಬಂದಿತ್ತು. 1913ರಲ್ಲಿ ಆತನ ಸಹಾಯಾರ್ಥವಾಗಿ ನಡೆದ ಪಂದ್ಯದಿಂದಲೂ ಚಂದಾದಿಂದಲೂ ಮೂರು ಸಾವಿರ ಪೌಂಡಿನ ಸಮೀಪದಷ್ಟು ಹಣ ಕೂಡಿತು. ಆದರೆ ಅದನ್ನು ಟ್ರಸ್ಟಿನಲ್ಲಿ ಇಟ್ಟರು. ಆತನ ಕೈಗೆ ಕೊಟ್ಟರೆ ಏನಾಗುತ್ತಿತ್ತೆಂಬುದನ್ನು ಮೇಲಿನ ಬ್ಯಾಟಿನ ಕಥೆಯಿಂದ ಊಹಿಸಬಹುದು. 1915ರ ಜೂನ್ 28ರಂದು ಮೂತ್ರಪಿಂಡದ ವ್ಯಾಧಿಯಿಂದ, ಮೂವತ್ತೇಳನೆಯ ವಯಸ್ಸಿನಲ್ಲಿ, ಟ್ರಂಪರನು ತೀರಿಕೊಂಡನು. ಗ್ಯಾಲಿಪೊಲಿಯಿಂದ ದಿನದಿನವೂ ಸಾವಿನ ಸುದ್ದಿ ಬರುತ್ತಿದ್ದ ಕಾಲ. ಆದರೂ ಶವಯಾತ್ರೆಯ ದಾರಿಯುದ್ದಕ್ಕೂ ಸಿಡ್ನಿಯ ಜನ ನೆರೆದರು. ವೇವರ್ಲಿಯ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಪ್ಯಾಡಿಂಗ್ಟನ್ನಿನಲ್ಲಿ ಆತನ ಹೆಸರಿನ ಉದ್ಯಾನವಿದೆ.

ಆ ಒಂಬತ್ತು ಕ್ಲಬ್ಬುಗಳ ಗತಿಯನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಕಂಬರ್ಲೆಂಡ್ ಒಂದೇ ವರ್ಷ ಬಾಳಿ, ಒಂದೇ ಪಂದ್ಯ ಗೆದ್ದು ಅಳಿಯಿತು. ನ್ಯೂಕಾಸಲ್ ಎರಡು ವರ್ಷಗಳಾದ ಮೇಲೆ ತನ್ನೂರಿನಲ್ಲೇ ಬೇರೆ ಲೀಗು ಕಟ್ಟಿಕೊಂಡಿತು. ಗ್ಲೀಬ್ 1929ರವರೆಗೆ ಆಡಿ, ಒಂದು ಪ್ರಶಸ್ತಿಯನ್ನೂ ಕಾಣದೆ ಹೊರಬಿತ್ತು. ಮುಂದೆ ಜನ ನಗರದ ನಡುವಿನ ಕೇರಿಗಳನ್ನು ಬಿಟ್ಟು ಹೊರಗಿನ ಹೊಸ ಬಡಾವಣೆಗಳಿಗೆ ಹೋದಂತೆ ಲೀಗೂ ಅವರ ಹಿಂದೆ ಹೋಯಿತು: 1947ರಲ್ಲಿ ಪ್ಯಾರಮ್ಯಾಟ, ಮ್ಯಾನ್ಲಿ, 1982ರಲ್ಲಿ ಕ್ಯಾನ್‌ಬೆರ, ಇಲ್ಲವಾರ, 1988ರಲ್ಲಿ ಬ್ರಿಸ್ಬೇನ್, ಮತ್ತೆ ನ್ಯೂಕಾಸಲ್, 1995ರಲ್ಲಿ ಸಮುದ್ರದಾಚೆಯ ಆಕ್ಲೆಂಡ್, ದೇಶದ ಇನ್ನೊಂದು ತುದಿಯ ಪರ್ತ್. ಕೇರಿಯ ಆಟ ದೂರದರ್ಶನದ ಆಟವಾಯಿತು. ಹಳೆಯ ಕ್ಲಬ್ಬುಗಳ ಸುತ್ತ ಜನವೂ ಕಡಿಮೆ, ಹಣವೂ ಕಡಿಮೆ. ನ್ಯೂಟೌನ್ ತನ್ನ ಹಳೆಯ ನೆಲೆಯನ್ನು ಬಿಟ್ಟು ದೂರದ ಕ್ಯಾಂಬೆಲ್‌ಟೌನಿಗೆ ಹೋಗುವ ಯೋಚನೆ ಮಾಡಿತು, ಆಗಲಿಲ್ಲ, 1983ರಲ್ಲಿ ಮೇಲಿನ ದರ್ಜೆಯ ಸ್ಪರ್ಧೆಯಿಂದಲೇ ಹೊರಟುಹೋಯಿತು. ನಾರ್ತ್ ಸಿಡ್ನಿ ಉತ್ತರದ ಗಾಸ್‌ಫರ್ಡಿಗೆ ನೆಲೆ ಬದಲಿಸಲು ಹೊರಟಿತು. ಮಳೆಯಿಂದ ಅಲ್ಲಿಯ ಮೈದಾನದ ಕೆಲಸ ತಡವಾಯಿತು, ಸಾಲ ಏರಿತು. 1999ರ ಋತುವಿನ ನಂತರ ನೆರೆಯ ವೈರಿಯಾದ ಮ್ಯಾನ್ಲಿಯೊಡನೆ ಕೂಡಿಕೆ ಮಾಡಿಕೊಳ್ಳಬೇಕಾಯಿತು. ಆ ಕೂಡಿಕೆ 2002ರಲ್ಲಿ ಮುರಿದಾಗ ಉಳಿದವನು ಮ್ಯಾನ್ಲಿಯೇ. ಬಾಲ್ಮೇನೂ ವೆಸ್ಟರ್ನ್ ಸಬರ್ಬ್ಸೂ ಒಂದಾಗಿ ವೆಸ್ಟ್ಸ್ ಟೈಗರ್ಸ್ ಎಂಬ ಹೊಸ ಹೆಸರು ಹೊತ್ತವು.

ಸೌತ್ ಸಿಡ್ನಿಯವರು ಯಾರೊಡನೆಯೂ ಕೂಡಲು ಒಪ್ಪಲಿಲ್ಲ. 1999ರ ಕೊನೆಯಲ್ಲಿ ಅವರನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. ರೆಡ್‌ಫರ್ನಿನ ಜನ ಸುಮ್ಮನಿರಲಿಲ್ಲ. ಕೆಂಪು-ಹಸಿರು ಬಣ್ಣ ಹಿಡಿದು ಹತ್ತಾರು ಸಾವಿರ ಮಂದಿ ಸಿಡ್ನಿಯ ಬೀದಿಗಳಲ್ಲಿ ನಡೆದರು. ಇತರ ಕ್ಲಬ್ಬುಗಳ ಅಭಿಮಾನಿಗಳೂ ಬಂದು ಕೂಡಿಕೊಂಡರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 2001ರಲ್ಲಿ ಮೇಲ್ಮನವಿಯಲ್ಲಿ ಗೆದ್ದು, 2002ರಲ್ಲಿ ಸೌತ್ ಸಿಡ್ನಿ ಮತ್ತೆ ಕಣಕ್ಕಿಳಿಯಿತು; 2014ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. 1908ರ ಒಂಬತ್ತರಲ್ಲಿ ಇಂದು ಯಾರೊಡನೆಯೂ ಬೆರೆಯದೆ ಮೇಲಿನ ದರ್ಜೆಯಲ್ಲಿ ನಿಂತಿರುವುವು ಎರಡೇ: ಒಂದು ಇದು, ಇನ್ನೊಂದು ಟ್ರಂಪರನ ಪ್ಯಾಡಿಂಗ್ಟನ್ ಕಡೆಯ ಈಸ್ಟರ್ನ್ ಸಬರ್ಬ್ಸ್. ಅದಕ್ಕೆ ಈಗ ಸಿಡ್ನಿ ರೂಸ್ಟರ್ಸ್ ಎಂದು ಹೆಸರು.

ನಾರ್ತ್ ಸಿಡ್ನಿಯವರ ಲಾಂಛನ ಕರಡಿ. 2025ರಲ್ಲಿ ಲೀಗಿನವರು ಪರ್ತ್ ನಗರಕ್ಕೆ ಮತ್ತೊಮ್ಮೆ ತಂಡ ಕೊಡಲು ನಿಶ್ಚಯಿಸಿ, 2027ರಿಂದ ಆಡಬೇಕಾದ ಆ ತಂಡಕ್ಕೆ ಈ ಕರಡಿಯ ಹೆಸರನ್ನೇ ಇಟ್ಟರು. ಸಿಡ್ನಿಯಿಂದ ಪರ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದಾರಿ.